ಕಾಮಾಲೆಗೆಂದು ಉಪ್ಪು ಬಿಟ್ಟದ್ದು

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ನನ್ನ ಮಗ ಸಂಡೂರಿನ ಗಣಿಯಿಂದ ಟಿಪ್ಪರ್ ಓಡಿಸುತ್ತಿದ್ದ. ಅವನ ರಕ್ತದಲ್ಲಿ ಕಾಮಾಲೆಯ ವೈರಸ್ ಇದೆ, ಲಿವರನ್ನು ಒಳಗೊಳಗೇ ತಿನ್ನುತ್ತಿದೆ ಎಂದು ಹೊಸಪೇಟೆಯ ಡಾಕ್ಟರು ಎಂದೋ ಹೇಳಿದ್ದರು. ಮಾತ್ರೆ ನುಂಗುತ್ತಿದ್ದ, ಗಾಡಿ ಓಡಿಸುತ್ತಿದ್ದ.

ಆ ಬೇಸಿಗೆಯಲ್ಲಿ ಆಳು ಸೊರಗಿಹೋದ. ಎದ್ದು ನಿಂತರೆ ಕಣ್ಣು ಕತ್ತಲೆ, ತಿಂದರೆ ವಾಂತಿ, ಮೈಯೆಲ್ಲ ಕರ್ರಗೆ. ಬಿಸಿಲು, ಗಣಿ ಧೂಳು ಎಂದುಕೊಂಡೆವು. ಅಲ್ಲಿ ದುಡಿಯುವವರಲ್ಲಿ ಬೆಳ್ಳಗಿದ್ದವರು ಯಾರು?

ಕಂಪ್ಲಿ ಕಡೆ ಒಬ್ಬ ಮುದುಕ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಎಣ್ಣೆ, ಖಾರ, ಉಪ್ಪು ಮೂರೂ ಬಂದ್. ಪಥ್ಯ ಮುರಿದರೆ ಔಷಧವೇ ವಿಷವಾಗುತ್ತದೆ ಎಂದು ಹೆದರಿಸಿದ್ದ. ವಾಂತಿ, ಸುಸ್ತು ಕಾಮಾಲೆಯದೇ ಇರಬೇಕೆಂದು ಮಗನೇ ಹೋಗಿ ಕುಡಿದು ಬಂದ. ಸೊಸೆ ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಮಜ್ಜಿಗೆ ಅನ್ನ ಬಡಿಸತೊಡಗಿದಳು.

ಒಂದು ಮಧ್ಯಾಹ್ನ ಅಡುಗೆಮನೆಗೆ ಕಾಲಿಟ್ಟೆ. ಮಗ ಕಲ್ಲುಪ್ಪಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಲ್ಲುಸಕ್ಕರೆಯ ಹಾಗೆ ಬಾಯಿಗೆ ಎಸೆದುಕೊಂಡು ಕಟಕಟ ಕಡಿಯುತ್ತಿದ್ದ.

“ಏನಲೇ, ದನ ಆದೇನು, ಉಪ್ಪು ನೆಕ್ಕಾಕ?”

“ತಡಕೊಳ್ಳಾಕ ಆಗವಲ್ದು ಯವ್ವಾ. ಒಂದ್ ಹರಳು ಅಷ್ಟ.”

“ಕುಡದ ಔಷಧ ಮಣ್ಣು ಮಾಡಬ್ಯಾಡ, ಇಡು ಕೆಳಗ.”

ಸೊಸೆ ಓಡಿ ಬಂದು ಡಬ್ಬಿ ಕಸಿದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮರುದಿನ ಬೆಳಿಗ್ಗೆ ಬಚ್ಚಲಿಗೆಂದು ಎದ್ದವನು ಹೊಸ್ತಿಲಲ್ಲೇ ಬಿದ್ದ. ಮೈ ತಣ್ಣಗೆ, ಮಾತಿಲ್ಲ. ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಬಿ.ಪಿ. ನೋಡಿದರು. ತುಟಿ ಎತ್ತಿ ವಸಡು ನೋಡಿದರು. ಮಸಿ ಮೆತ್ತಿದ ಹಾಗೆ ಕಪ್ಪು.

“ಇದು ಯಾವಾಗಿಂದ, ಅಮ್ಮಾ?”

“ಗಣಿ ಧೂಳ್ರಿ ಅದು.”

“ಧೂಳು ವಸಡಿನ್ಯಾಗ ಹೋಗಿ ಕುಂದ್ರತೈತೇನು?”

ಸೊಸೆ ಪಥ್ಯದ ಸಂಗತಿ ಹೇಳಿದಳು. ಉಪ್ಪು ಎಂದ ಕೂಡಲೇ ಡಾಕ್ಟರು ತಲೆ ಎತ್ತಿದರು. “ಹೊಟ್ಟ್ಯಾಗ ನೀರು ತುಂಬಿದವರಿಗೆ ಉಪ್ಪು ಕಮ್ಮಿ ಮಾಡ್ರಿ ಅಂತೀವಿ. ಇವನಿಗೆ ಎಲ್ಲೈತಿ ನೀರು? ಯಾರನ್ನ ಕೇಳಿ ಬಿಡಿಸಿದ್ರಿ?”

ರಕ್ತ ಪರೀಕ್ಷೆ ಬಂದ ಮೇಲೆ ಬಿಡಿಸಿ ಹೇಳಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಒಂದೊಂದು ಸಣ್ಣ ಗ್ರಂಥಿ ಇರುತ್ತದಂತೆ. ಮೈಯಲ್ಲಿ ಉಪ್ಪು ನಿಲ್ಲಿಸುವುದು, ಬಿ.ಪಿ. ಬೀಳದಂತೆ ಹಿಡಿಯುವುದು ಅದರ ರಸ. ಲಿವರಿನ ರೋಗ ಹಳೆಯದಾದ ಕೆಲವರಲ್ಲಿ ಅದೂ ಸೋಲುತ್ತದೆ. ಇವನದು ಸೋತಿತ್ತು. ಮೈ, ವಸಡು ಕಪ್ಪಾದದ್ದೂ ಅದರಿಂದಲೇ. ಉಪ್ಪೆಲ್ಲ ಮೂತ್ರದಲ್ಲಿ ಹರಿದುಹೋಗುತ್ತಿತ್ತು, ಅದಕ್ಕೇ ಮೈ ಉಪ್ಪು ಬೇಡುತ್ತಿತ್ತು.

ನರ್ಸು ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದಳು.

“ಅದರಾಗ ಏನೈತ್ರಿ ಸಿಸ್ಟರ್?” ಎಂದಳು ಸೊಸೆ.

“ಉಪ್ಪುನೀರು.”

“ಉಪ್ಪಾ?”

“ಹೂಂನ್ರಿ. ಉಪ್ಪ.”

ನಾನು ಆ ಬಾಟಲಿಯನ್ನೇ ನೋಡುತ್ತ ನಿಂತೆ. ನಾವು ಬೀಗ ಹಾಕಿಟ್ಟದ್ದನ್ನು ಇವರು ನರಕ್ಕೇ ಬಿಡುತ್ತಿದ್ದರು.

ಸಂಜೆಗೆ ಕಣ್ಣು ಬಿಟ್ಟ. ಆ ಗ್ರಂಥಿಯ ಮಾತ್ರೆಯನ್ನು ಬದುಕಿರುವ ತನಕ ಒಂದು ದಿನವೂ ತಪ್ಪಿಸುವಂತಿಲ್ಲ ಎಂದರು ಡಾಕ್ಟರು. ಕ್ಯಾಂಟೀನಿನಿಂದ ಉಪ್ಪಿಟ್ಟು ತಂದು ತಿನ್ನಿಸಿದೆ.

“ಉಪ್ಪು ಹತ್ತೇತೇನಲೇ?”

“ಕಮ್ಮಿ ಐತಿ.”

ಸೊಸೆ ಎದ್ದು ಉಪ್ಪು ತರಲು ಹೋದಳು.