ಸುಳ್ಳು! ಇನ್ನೊಮ್ಮೆ!

ಇಂಗ್ಲೆಂಡಿನ ಹೆಡಿಂಗ್ಲೀಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಸ್ಪೇನಿನ ಸಿನಿಮಾ ನಿರ್ದೇಶಕರು, ನಾಟಕಕಾರರು. ಕನ್ನಡ ಬಾರದಿದ್ದರೂ ನಮ್ಮ ಕನ್ನಡ ಸಂಘದ ನಾಟಕ ಆಡಿಸಿದರು. ಕಣ್ಣು ಮುಚ್ಚಿ ಕೇಳುವರು, ಮಾತು ಹುಸಿಯೆನಿಸಿದರೆ ತೊಡೆ ತಟ್ಟಿ, ನಾವು ಕಲಿಸಿದ ಕನ್ನಡದಲ್ಲೇ "ಸುಳ್ಳು! ಇನ್ನೊಮ್ಮೆ!" ಎಂದು ಸಿಡುಕುವರು.

"ನಾಟಕದಲ್ಲಿ ಮನೆ ಬಿಟ್ಟು ಹೊರಟವನು 'ಬರ್ತೀನಿ' ಅಂತಾನಲ್ಲ, ಯಾಕೆ?" ಎಂದು ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದರು.

"'ಹೋಗ್ತೀನಿ' ಅನ್ನಬಾರದು. ಮತ್ತೆ ಬರಲ್ಲ ಅಂದ ಹಾಗಾಗುತ್ತೆ," ಅಂದೆ.

ಸ್ಪೇನಿಗೆ ಹೊರಟ ದಿನ ಟ್ಯಾಕ್ಸಿಯ ಬಾಗಿಲು ಹಿಡಿದು, ಕನ್ನಡದಲ್ಲೇ "ಹೋಗ್ತೀನಿ" ಅಂದರು.

ನಾನು ನಗುತ್ತಾ ಅವರಂತೆಯೇ ಗದರಿದೆ: "ಸುಳ್ಳು! ಇನ್ನೊಮ್ಮೆ!"

ಅವರು ಕಣ್ಣು ಮುಚ್ಚಿದರು. "ಹೋಗ್ತೀನಿ."

ವಾರದೊಳಗೆ ಅವರ ಮಗಳ ಫೋನು. ಅಪ್ಪ ತೀರಿಕೊಂಡರಂತೆ. ಉಳಿಯುವುದಿಲ್ಲವೆಂದು ಡಾಕ್ಟರು ಅವರಿಗೆ ಹೊರಡುವ ಮೊದಲೇ ಹೇಳಿದ್ದರಂತೆ.

ಅಯ್ಯೋ, ಅಂಥವರ ಬಾಯಲ್ಲಿ ಸುಳ್ಳು ಹೇಳಿಸಲು ಹೊರಟಿದ್ದೆನಲ್ಲ!