ಬೂಟು ಬಿಚ್ಚಿ ತಿನ್ನುವ ಹಾಟ್ ಡಾಗ್ ಅಂಗಡಿ

ಹಾಟ್ ಡಾಗ್ ತಿನ್ನಲು ಬೂಟು ಬಿಚ್ಚಬೇಕಿತ್ತು ಎಂದರೆ ಲಂಡನ್ನಿನಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಎಜ್‌ವೇರ್ ದಾಟಿ, ಮನೆಗಳ ಸಾಲು ಮುಗಿದು ಹೊಲಗಳು ಶುರುವಾಗುವ ಕಡೆ, ಲಾರಿಗಳು ನಿಲ್ಲಲೆಂದು ರಸ್ತೆಯನ್ನು ಅಗಲ ಮಾಡಿದ್ದ ಜಾಗದಲ್ಲಿ ಆ ಅಂಗಡಿ ಇತ್ತು. ಕುದುರೆ ಸಾಗಿಸುವ ಹಳೆಯ ಗಾಡಿಯೊಂದರ ಪಕ್ಕವನ್ನು ಕತ್ತರಿಸಿ ಕಿಟಕಿ ಮಾಡಿದ್ದರು. ಕಿಟಕಿಯ ಮೇಲೆ ಕೆಂಪು ಕಾಗದದ ಲಾಂದ್ರ. ಪಕ್ಕದ ಕಂಬಕ್ಕೆ ಗಾಳಿ ಬಂದಾಗ ಹೊಟ್ಟೆ ಉಬ್ಬಿಸುವ ಬಟ್ಟೆಯ ಮೀನು. ಮುಂದೆ ಹುಲ್ಲಿನ ಮೇಲೆ ಮೊಣಕಾಲೆತ್ತರದ ಮರದ ಕಟ್ಟೆ, ಅದರ ಮೇಲೆ ಚಾಪೆ. ಕಟ್ಟೆ ಹತ್ತುವವರು ಬೂಟು ಬಿಚ್ಚಿ ಕೆಳಗಿನ ಹಲಗೆಯ ಮೇಲೆ ಜೋಡಿಸಿಡಬೇಕು. ಅಂಗಡಿಯವರು ಜಪಾನಿನವರು. ಆಗಲೇ ತಲೆ ನರೆತಿತ್ತು. ಬೂಟು ಬಿಚ್ಚಲೊಲ್ಲದವರಿಗೆ ಅವರು ತಲೆಬಾಗಿ ನಮಸ್ಕರಿಸುತ್ತಿದ್ದರೇ ಹೊರತು ಹಾಟ್ ಡಾಗ್ ಕೊಡುತ್ತಿರಲಿಲ್ಲ. ದಪ್ಪ ದಪ್ಪ ಲಾರಿ ಡ್ರೈವರುಗಳು ಗೊಣಗಿಕೊಂಡು ಲೇಸು ಬಿಚ್ಚುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತೊಂಬತ್ತರ ದಶಕದ ಒಂದು ಭಾನುವಾರ ನಮ್ಮ ಕಾರು ಹೊಗೆ ಬಿಟ್ಟು ಅಲ್ಲಿ ನಿಂತದ್ದರಿಂದ ನಮಗೆ ಆ ಅಂಗಡಿಯ ಪರಿಚಯವಾಯಿತು. ಅಪ್ಪ, ಅವ್ವ, ನಾನು. ಅಪ್ಪ ಧಾರವಾಡದಿಂದ ಬಂದು ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಅವ್ವ ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಧಾರವಾಡವನ್ನು ಹಾಗೇ ಇಟ್ಟುಕೊಂಡಿದ್ದವಳು. ನಾನು ಆಗ ಕಾಲೇಜು ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಅವ್ವ ಕಿವಿ ಕೇಳಿಸದವಳ ಹಾಗೆ ಕೂತುಬಿಡುತ್ತಿದ್ದಳು. ನನ್ನ ಕನ್ನಡ ಉಳಿದದ್ದು ಅವಳ ಆ ಹಟದಿಂದ.

ಕಟ್ಟೆಯನ್ನೂ ಸಾಲಾಗಿ ಇಟ್ಟ ಬೂಟುಗಳನ್ನೂ ನೋಡಿ ಅಪ್ಪನ ಮುಖ ಅರಳಿತು. "ಈ ದೇಶಕ್ಕ ಬಂದು ಇಷ್ಟು ವರ್ಷಾತು. ಚಪ್ಪಲಿ ಹೊರಗ ಬಿಟ್ಟು ಬಾ ಅಂದ ಮೊದಲನೇ ಮನಷ್ಯಾ ಇವ ನೋಡು" ಎಂದು ಬೂಟು ಬಿಚ್ಚಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು.

ಅವ್ವ ಕಾರಿನಿಂದ ಇಳಿಯಲಿಲ್ಲ. "ಇಲ್ಲೇನ ತಿನ್ನೂದದ ನಮಗ? ಗಾಡಿ ತಣ್ಣಗಾಗೂ ತನಕ ಕೂತು ಹೋಗೂಣು" ಎಂದಳು.

ನಾವು ಮಾಂಸ ತಿನ್ನುವುದಿಲ್ಲ, ಮೊಟ್ಟೆಯೂ ಇಲ್ಲ ಎಂದು ನಾನು ಅಂಗಡಿಯವರಿಗೆ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಅವರ ಇಂಗ್ಲಿಷು ಅಷ್ಟಕ್ಕಷ್ಟೇ. ಸ್ವಲ್ಪ ಹೊತ್ತು ಯೋಚಿಸಿ, ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಉದ್ದಕ್ಕೆ ಒತ್ತಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ತೋರಿಸಿದರು. ತಮ್ಮ ಊರಿನಲ್ಲಿ ಇದನ್ನೂ ಬನ್ನಿನೊಳಗೆ ಇಟ್ಟು ತಿನ್ನುತ್ತಾರಂತೆ. ಅಪ್ಪನಿಗೆ ಅದು ಬಟಾಟೆ ವಡೆಯ ಅಣ್ಣನೋ ತಮ್ಮನೋ ಎಂಬಂತೆ ಕಂಡಿತು. ಆದರೆ ಅವ್ವನ ಕಣ್ಣು ಬಾಣಲೆಯ ಮೇಲಿತ್ತು. "ಮಾಂಸ ಕರದ ಎಣ್ಣಿಯೊಳಗ ಇದನ್ನೂ ಕರೀತಾನ ಅವ. ನಾ ಒಲ್ಲೆ" ಎಂದಳು. ಅವಳು ತಿನ್ನದ್ದನ್ನು ಅಪ್ಪನೂ ತಿನ್ನಲಿಲ್ಲ. ಎದ್ದು ಬೂಟು ಹಾಕಿಕೊಂಡರು.

ಮುಂದಿನ ವಾರ ಅವ್ವ ತಾನಾಗಿಯೇ ಹೊರಟಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮನೆಯ ಸಣ್ಣ ಕಬ್ಬಿಣದ ಬಾಣಲೆ, ಜಾಲರಿ ಸೌಟು, ಒಂದು ಬಾಟಲಿ ಎಣ್ಣೆ. ಕಾಲೇಜು ಓದುವ ಹುಡುಗಿಗೆ ಅಮ್ಮ ಹೋಟೆಲಿಗೆ ಬಾಣಲೆ ತೆಗೆದುಕೊಂಡು ಹೋಗುವುದೆಂದರೆ ಮಾನ ಹೋದ ಹಾಗೆ. ನಾನು ಕಾರಿನಲ್ಲೇ ಸಿಡಿಮಿಡಿಗುಟ್ಟಿದೆ. ಅಂಗಡಿಯ ಅಜ್ಜ ಮಾತ್ರ ಬಾಣಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನಮಸ್ಕರಿಸಿ, ನಮ್ಮದನ್ನು ಅದರಲ್ಲೇ ಕರಿದು, ತೊಳೆದು, ಗಾಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅಲ್ಲಿಂದ ಅದು ಅವ್ವನ ಬಾಣಲೆ. ಬೇರೆ ಯಾರಿಗೂ ಅದರಲ್ಲಿ ಏನೂ ಮಾಡಿಕೊಡುತ್ತಿರಲಿಲ್ಲ. ಅವ್ವ ಪರ್ಸಿನಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಮೇಲೆ ಉದುರಿಸಿ ಅಜ್ಜನಿಗೂ ಒಂದಿಷ್ಟು ಕೊಟ್ಟಳು. ಅವರು ನೆಕ್ಕಿ ನೋಡಿ, ಕೆಮ್ಮಿ, ಇನ್ನೊಂದಿಷ್ಟು ಕೇಳಿದರು.

ಆಮೇಲೆ ಭಾನುವಾರ ಬಂತೆಂದರೆ ಅಲ್ಲಿಗೇ. ಅವ್ವನಿಗೆ ಮಂಡಿನೋವು ಶುರುವಾದ ಮೇಲೆ ಕಟ್ಟೆ ಹತ್ತಲು ಆಗುತ್ತಿರಲಿಲ್ಲ, ಕಾರಿನ ಮುಂದಿನ ಸೀಟಿನಲ್ಲೇ ಕೂತಿರುತ್ತಿದ್ದಳು. ಅಪ್ಪ ಎರಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದು ಕಾರಿನ ಕಿಟಕಿಯಿಂದ ಒಂದನ್ನು ಅವಳಿಗೆ ಕೊಟ್ಟು, "ಕೇಳ್ತೇನ? ತಗೋ. ಸುಡತದ, ಸಾವಕಾಶ" ಎನ್ನುತ್ತಿದ್ದರು.

ಅವ್ವನನ್ನು ಅಪ್ಪ ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. "ಕೇಳ್ತೇನ" ಎಂದರೆ ಅವ್ವ. ನನಗೂ ಹೆಸರಿತ್ತು, ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ. ಮನೆಯಲ್ಲಿ ನಾನು "ತಂಗಿ". ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೇ ಕರೆಯುತ್ತಾರೆ. ತಂಗಿ, ಚಹಾ ಮಾಡು. ತಂಗಿ, ನನ್ನ ಓದೂ ಚಾಳೀಸು ಎಲ್ಲಿ. ಅಪ್ಪನ ಬಾಯಲ್ಲಿ ಅದು ಬಿಟ್ಟರೆ ನನಗೆ ಬೇರೆ ಹೆಸರೇ ಇರಲಿಲ್ಲ.

ಅವ್ವ ಹೋದಳು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಬೆಳಗ್ಗೆ ಒಗ್ಗರಣೆ ಹಾಕುತ್ತಿದ್ದವಳು ಸಂಜೆಗೆ ಇರಲಿಲ್ಲ. ಆ ಭಾನುವಾರಗಳು ಅಲ್ಲಿಗೇ ನಿಂತವು. ಅಪ್ಪ ರಿಟೈರ್ ಆದರು, ಮನೆಯೊಳಗೇ ಉಳಿದರು, ನಿಧಾನವಾಗಿ ಮರೆಯತೊಡಗಿದರು. ಮೊದಲು ಗ್ಯಾಸ್ ಆರಿಸುವುದು, ಆಮೇಲೆ ಮನೆಯ ದಾರಿ. ಆಮೇಲೆ ಇಂಗ್ಲಿಷು ಹೋಯಿತು. ಇಲ್ಲಿನವರ ಇಂಗ್ಲಿಷನ್ನೇ ತಿದ್ದುತ್ತಿದ್ದ ಮನುಷ್ಯ ಡಾಕ್ಟರ ಎದುರು ಕೂತು, "ಇವರು ಏನಂತಾರ?" ಎಂದು ನನ್ನ ಮುಖ ನೋಡಿದರು. ನಾನು ಕೆಲಸಕ್ಕೆಂದು ಹಿಡಿದಿದ್ದ ಈಸ್ಟ್ ಹ್ಯಾಮಿನ ಫ್ಲಾಟು ಬಿಟ್ಟು ಕಿಂಗ್ಸ್‌ಬರಿಗೆ ವಾಪಸು ಬಂದೆ. ಒಬ್ಬಳೇ ಇದ್ದೆ, ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವ್ವ ಎಲ್ಲಿ ಎಂದು ಕೇಳಿದಾಗ ಒಂದು ಸಲ ನಿಜ ಹೇಳಿದೆ. ಅಪ್ಪ ಅದನ್ನು ಆಗಷ್ಟೇ ಕೇಳಿದವರ ಹಾಗೆ ಎದೆ ಹಿಡಿದುಕೊಂಡು ಅತ್ತರು. ಅತ್ತದ್ದನ್ನು ಮರೆತು ಊಟಕ್ಕೆ ಕೂತಾಗ ಮತ್ತೆ ಕೇಳಿದರು. ಇನ್ನೊಮ್ಮೆ ಅಳಿಸುವ ಧೈರ್ಯ ನನಗಾಗಲಿಲ್ಲ. "ಅಂಗಡಿಗೆ ಹೋಗ್ಯಾಳ, ಬರ್ತಾಳ" ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಅವ್ವ ಯಾವಾಗಲೂ ಅಂಗಡಿಗೆ ಹೋಗಿರುತ್ತಿದ್ದಳು.

ಹಾಗಿರುವಾಗ ಒಂದು ಬೆಳಗ್ಗೆ ಚಹಾ ಕೊಟ್ಟೆ. ಅಪ್ಪ ಕಪ್ಪು ಹಿಡಿದು ನನ್ನನ್ನು ನೋಡಿದರು.

"ನೀವು ಯಾರ ಕಡಿಯವರ್ರೀ? ನಿಮ್ಮದು ಚಹಾ ಆತೇನ್ರಿ?"

ಹುಟ್ಟಿದಾಗಿನಿಂದ "ನೀ" ಎಂದ ಬಾಯಿ "ನೀವು" ಎಂದಿತು. ನನಗೆ ಸಿಟ್ಟು ನೆತ್ತಿಗೇರಿತು. ದುಃಖ ಬರಬೇಕಾದಲ್ಲೆಲ್ಲ ನನಗೆ ಮೊದಲು ಸಿಟ್ಟೇ ಬರುವುದು. "ಅಪ್ಪಾ, ನಾ ನಿನ್ನ ಮಗಳು" ಎಂದೆ, ಜೋರಾಗಿಯೇ. ಅವರು ಬಹಳ ಮರ್ಯಾದೆಯಿಂದ, "ಹೌದೇನ್ರಿ? ಭಾಳ ಚೊಲೋ ಆತು. ಕೂಡ್ರಿ" ಎಂದು ಕುರ್ಚಿ ತೋರಿಸಿದರು.

ಆಮೇಲೆ ನನ್ನ ಬದುಕಿನಲ್ಲಿ ಬೇಕಾದದ್ದು ಒಂದೇ ಆಗಿಬಿಟ್ಟಿತು. ಅಪ್ಪ ಒಂದು ಸಲ ನನ್ನ ಮುಖ ನೋಡಿ "ತಂಗಿ" ಅನ್ನಬೇಕು. ಅದಕ್ಕೆ ನಾನು ಮಾಡದ ಕಸರತ್ತಿಲ್ಲ. ಹಳೆಯ ಫೋಟೋ ತೋರಿಸಿದೆ. ಚಿಕ್ಕಂದಿನ ಹಾಗೆ ಎರಡು ಜಡೆ ಹಾಕಿಕೊಂಡು ಎದುರು ನಿಂತೆ, ಈ ವಯಸ್ಸಿಗೆ. "ಚಂದ ಕಾಣ್ತೀರಿ" ಎಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕೊನೆಗೆ ಆ ಅಂಗಡಿ ನೆನಪಾಯಿತು. ಒಂದು ಭಾನುವಾರ ಮಧ್ಯಾಹ್ನ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಂಗಡಿ ಇತ್ತು. ಅಜ್ಜ ಬಾಗಿಹೋಗಿದ್ದರು. ಅವ್ವ ತೀರಿಕೊಂಡದ್ದನ್ನು ಅಪ್ಪನಿಗೆ ಕೇಳದ ಹಾಗೆ ಅವರಿಗೆ ಹೇಳಿದೆ. ಅಜ್ಜ ಮೊಳೆಯಿಂದ ಬಾಣಲೆ ಇಳಿಸಿ, ಸೆರಗಿನಂಥ ಉದ್ದದ ಬಟ್ಟೆಯಲ್ಲಿ ಒರೆಸಿ ಒಲೆಯ ಮೇಲಿಟ್ಟರು. ಇತ್ತ ಅಪ್ಪ ಬಗ್ಗಿ ಬೂಟು ಬಿಚ್ಚುತ್ತಿದ್ದರು. ಮನೆಯಲ್ಲಿ ನಾನು ಬಿಚ್ಚಿಕೊಡಬೇಕಿದ್ದ ಬೂಟು. ಬಿಚ್ಚಿ, ಜೋಡಿಸಿಟ್ಟು, ಕಿಟಕಿಗೆ ಹೋಗಿ ಎರಡು ಬೆರಳು ತೋರಿಸಿ, "ಸಾಹೇಬ್ರ, ಎಂದಿನಂಗ" ಎಂದರು, ಕನ್ನಡದಲ್ಲಿ. ಅಜ್ಜ ತಮ್ಮ ಭಾಷೆಯಲ್ಲಿ ಏನೋ ಉತ್ತರ ಕೊಟ್ಟರು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ಎರಡೂ ಪೊಟ್ಟಣ ಹಿಡಿದು ಅಪ್ಪ ಬರಿ ಸಾಕ್ಸಿನಲ್ಲೇ ಕಾರಿನ ಕಡೆ ನಡೆದರು. ಮುಂದಿನ ಸೀಟು ಖಾಲಿ. ಕಿಟಕಿಯಲ್ಲಿ ಬಗ್ಗಿ ನೋಡಿದರು. ಹಿಂದಿನ ಸೀಟು ನೋಡಿದರು. "ಎಲ್ಲಿ ಹೋದಳು? ಇಲ್ಲೇ ಇದ್ದಳಲ್ಲ" ಎಂದು ಲಾರಿಗಳು ಓಡುವ ರಸ್ತೆಯ ಕಡೆ ತಿರುಗಿದರು. ನಾನು ಓಡಿಹೋಗಿ ಬಾಗಿಲು ತೆಗೆದು ಆ ಸೀಟಿನಲ್ಲಿ ಕೂತುಬಿಟ್ಟೆ. ಯೋಚಿಸಿ ಮಾಡಿದ್ದಲ್ಲ. ಅಪ್ಪ ತಿರುಗಿ ನನ್ನನ್ನು ಕಂಡರು. ಉಸಿರು ಬಿಟ್ಟರು.

"ಕೇಳ್ತೇನ? ತಗೋ. ಸುಡತದ, ಸಾವಕಾಶ."

ನಾನು ತೆಗೆದುಕೊಂಡೆ. ಮಗಳಾಗಿ ಸಿಗದ "ನೀ" ನನಗೆ ಅವ್ವನಾಗಿ ಸಿಕ್ಕಿತು. ಅಪ್ಪ ಪಕ್ಕದಲ್ಲಿ ನಿಂತು ತಿನ್ನುತ್ತ ಮೋಡ, ಹೊಲ, ಆಸ್ಪತ್ರೆ ಎಂದು ಮಾತಾಡಿದರು. ನಾನು ಅವ್ವನ ಹಾಗೆ ಹೂಂ ಎಂದೆ. ಅವಳ ಜಾಗ ಕದ್ದೆ ಎನಿಸಿತು. ಆದರೂ ಮುಂದಿನ ಭಾನುವಾರ ಮತ್ತೆ ಹೋದೆವು, ಅದರ ಮುಂದಿನದಕ್ಕೂ. ಇಡೀ ವಾರ "ರೀ" ಎನಿಸಿಕೊಂಡವಳಿಗೆ ಅಷ್ಟಾದರೂ ಬೇಕಿತ್ತು.

ಚಳಿ ಬಂದ ಮೇಲೆ ಒಂದು ಭಾನುವಾರ ಅಪ್ಪ ನನ್ನದನ್ನು ಕೊಟ್ಟು ಮತ್ತೆ ಕಿಟಕಿಗೆ ಹೋದರು. ಇನ್ನೊಂದು ಪೊಟ್ಟಣ ಹಿಡಿದು ಬಂದು ನನ್ನ ಮಡಿಲಲ್ಲಿ ಇಟ್ಟರು.

"ಇದು ತಂಗಿಗೆ."

"ಯಾರಿಗೆ?" ಎಂದೆ, ಇನ್ನೊಮ್ಮೆ ಕೇಳುವ ಆಸೆಗೆ.

"ಯಾರಿಗೆ ಅಂದರ? ನಮ್ಮ ತಂಗಿಗೆ. ಭಾಳ ದಿನಾತು, ಬರಲೇ ಇಲ್ಲ ನೋಡು ಆಕಿ." ಕಾರಿನ ಕಿಟಕಿಗೆ ಬಗ್ಗಿ ಕೇಳಿದರು, "ನನ್ನ ಮ್ಯಾಲೆ ಸಿಟ್ಟಾಗ್ಯಾಳೇನು?"

ನಾನೇ, ಅಪ್ಪಾ, ಇಲ್ಲೇ ಇದ್ದೇನೆ, ದಿನಾ ನಿನ್ನ ಬೂಟು ಬಿಚ್ಚುವವಳು ನಾನೇ, ಎಂದು ಕೂಗಬೇಕೆನಿಸಿತು. ಕೂಗಿದರೆ ಆ ಸೀಟಿನಲ್ಲಿ ಅವ್ವ ಇರುತ್ತಿರಲಿಲ್ಲ. ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು, ಮತ್ತೆ ಎದೆ ಹಿಡಿದುಕೊಳ್ಳುತ್ತಿದ್ದರು.

"ಸಿಟ್ಟೇನಿಲ್ಲ. ಕೆಲಸ ಭಾಳ ಅದ ಆಕಿಗೆ. ಬರ್ತಾಳ" ಎಂದೆ.

"ಬಂದರ ಬಿಸಿ ಮಾಡಿ ಕೊಡು. ತಣ್ಣಂದು ತಿನ್ನಂಗಿಲ್ಲ ಆಕಿ."

ಹೌದು, ನಾನು ತಣ್ಣಗಿನದನ್ನು ತಿನ್ನುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ನಾನು ಕಾರು ಓಡಿಸಿದ್ದು ಹೇಗೆಂದು ನನಗೆ ನೆನಪಿಲ್ಲ. ಅಪ್ಪ ಪೊಟ್ಟಣವನ್ನು ತಾವೇ ಹಿಡಿದುಕೊಂಡು ಕೂತಿದ್ದರು. ಮನೆಗೆ ಬಂದವರೇ ಅದನ್ನು ತಟ್ಟೆಯಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಅಡುಗೆಮನೆಯ ಮೇಜಿನ ಮೇಲಿಟ್ಟರು.

ಬೆಳಗ್ಗೆ ನಾನು ಚಹಾಕ್ಕೆ ನೀರಿಟ್ಟು, ತಟ್ಟೆಯ ಮುಚ್ಚಳ ತೆಗೆಯಲು ಹೋದೆ. ಬಿಸಿ ಮಾಡಿಕೊಂಡು ತಿನ್ನಬೇಕೆಂದಿದ್ದೆ, ನನಗೆಂದು ತಂದದ್ದಲ್ಲವೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ತಪ್ಪು ತಿಳ್ಕೋಬ್ಯಾಡ್ರಿ" ಎಂದರು, ಬಹಳ ಸಂಕೋಚದಿಂದ. "ಅದನ್ನ ಮುಟ್ಟಬ್ಯಾಡ್ರಿ. ನಮ್ಮ ಮಗಳಿಗೆ ಇಟ್ಟದ್ದು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಆಗಲಿರಿ" ಎಂದೆ. "ಮುಟ್ಟಂಗಿಲ್ಲ."