ಸೋರುವ ನಲ್ಲಿಯ ಪಕ್ಕದ ಬಿಡಾರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನ್ಯೂ ಮೆಕ್ಸಿಕೋದ ದಕ್ಷಿಣದ ಮರಳುಗಾಡಿನಲ್ಲಿ, ಗಾಡಿಗಳು ತಂಗುವ, ಈಗ ಖಾಲಿ ಬಿದ್ದಿರುವ ಬಯಲು ಬಿಡಾರವೊಂದರಲ್ಲಿ ಹೆಂಗಸೊಬ್ಬರು ಕೆಟಲ್ ಹಿಡಿದು, ಕಣ್ಣು ಮುಚ್ಚಿ ನಡೆಯುತ್ತಿದ್ದಾರೆ. ಬೆಂಚಿಗೆ ಮೊಣಕಾಲು ಬಡಿದಾಗ ಬೈದುಕೊಂಡು ಹಿಂದಿರುಗಿ, ಮತ್ತೆ ಮೊದಲಿನಿಂದ ಹೊರಡುತ್ತಾರೆ. ಕಾಲಡಿಯ ಜಲ್ಲಿ ಮುಗಿದು ಮೆತ್ತನೆಯ ಮಣ್ಣು ಸಿಕ್ಕಿದೊಡನೆ ನಿಂತು ಆಲಿಸುತ್ತಾರೆ. ಎಡಗಡೆ ನೀರೆತ್ತುವ ಹಳೆಯ ಗಾಳಿಯಂತ್ರ ಕಿರುಗುಟ್ಟುತ್ತಿದೆ. ಗಾಳಿ ನಿಲ್ಲುವವರೆಗೂ ಕಾಯುತ್ತಾರೆ. ಯಂತ್ರ ಸುಮ್ಮನಾದ ಮೇಲೆ, ಅದರ ಬುಡದ ನಲ್ಲಿಯಿಂದ ತಗಡಿನ ತೊಟ್ಟಿಗೆ ಹನಿ ಬೀಳುವುದು ಕೇಳಿಸುತ್ತದೆ. ಟಣ್. ಸ್ವಲ್ಪ ಬಿಟ್ಟು, ಟಣ್.

"ಇಲ್ಲೇ" ಎನ್ನುತ್ತಾರೆ ಆರ್ಲೀನ್ ಟಕೆಟ್, ಕಣ್ಣು ತೆರೆದು.

ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವರು. ಈಗ ಮನೆಯೂ ಊರೂ ಎಲ್ಲವೂ ಅವರ ಮನೆಗಾಡಿಯೇ. ಜೊತೆಗೆ ಹಾಗೇ ಬದುಕುವವರ ಇನ್ನೂ ಮೂರು ಗಾಡಿಗಳಿವೆ. ಆರ್ಲೀನ್ ಒಂದು ದಿನ ಮುಂಚೆ ಹೊರಟು ಜಾಗ ಆರಿಸುತ್ತಾರೆ. ಉಳಿದವರು ಹಿಂದಿನಿಂದ ಬರುತ್ತಾರೆ. ಇದಕ್ಕೆ ಯಾರೂ ಅವರನ್ನು ನೇಮಿಸಿಲ್ಲ, ಯಾರೂ ವಂದನೆ ಹೇಳುವುದೂ ಇಲ್ಲ. ಕೊಂಬೆ ಛಾವಣಿಗೆ ಉಜ್ಜುತ್ತದೆಯೇ, ನೆಲ ವಾಲಿದೆಯೇ, ಈಚೆಗೆ ನೀರು ನುಗ್ಗಿದ ಗುರುತಾಗಿ ಒಣ ಹಳ್ಳದಲ್ಲಿ ಹೊಸ ಕಸಕಡ್ಡಿ ಸಿಕ್ಕಿಕೊಂಡಿದೆಯೇ ಎಂದು ನಡೆದೇ ನೋಡುತ್ತಾರೆ.

"ಫೋಟೋದಲ್ಲಿ ಎಲ್ಲಾ ಜಾಗಾನೂ ಮದುಮಗಳ ಥರ ಇರತ್ತೆ. ಒಳಗೆ ಹೋದ್ಮೇಲೆ ಗಾಡಿ ತಿರುಗಿಸಿ ಹೊರಗೆ ಬರಕ್ಕಾಗತ್ತಾ? ಅದನ್ನ ಫೋಟೋ ಹೇಳಲ್ಲ" ಎನ್ನುತ್ತಾರೆ.

ಈ ಸಲ ಅವರು ಹುಡುಕುತ್ತಿರುವುದು ಬೇರೆಯದೇ. ಜೊತೆಗಾರ್ತಿ ಮಾರ್ಲಿಸ್‌ಗೆ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಊರಿಗೆ ಬಂದು ನೆಲೆಸಿ ಎಂದು ಮಗಳು ಕರೆಯುತ್ತಲೇ ಇದ್ದಾಳೆ. ಮಾರ್ಲಿಸ್ ಹಟ ಬಿಟ್ಟಿಲ್ಲ. ಆದರೆ ನೀರು ತರಲೂ ಇನ್ನೊಬ್ಬರ ತೋಳು ಹಿಡಿಯಬೇಕಾದ ದಿನ ಗಾಡಿ ಮಾರುವುದೆಂದು ಗಂಡ ಡೆಲ್‌ನಿಂದ ಮಾತು ತೆಗೆದುಕೊಂಡಿದ್ದಾರೆ.

ಹಿಂದಿನ ಬಿಡಾರದಲ್ಲಿ ಆ ದಿನ ಹತ್ತಿರ ಬಂದಿತ್ತು. ಬಿಳಿಯ ಉಪ್ಪುನೆಲ, ಒಂದು ಹಕ್ಕಿಯ ದನಿಯೂ ಇಲ್ಲ. "ರಸ್ತೆ ಮೇಲೆ ಬದುಕೋರಿಗೆಲ್ಲ ನಿಶ್ಶಬ್ದದ ಹುಚ್ಚು. ನಂಗೂ ಇತ್ತು. ಎಂಥಾ ಜಾಗ ಹುಡುಕಿದೆ ಅಂತ ಬೀಗಿದ್ದೆ" ಎನ್ನುತ್ತಾರೆ ಆರ್ಲೀನ್. ಆ ಮೌನದಲ್ಲಿ ದಿಕ್ಕು ಹೇಳುವುದೇನೂ ಇರಲಿಲ್ಲ. ನೀರಿಗೆ ಹೊರಟ ಮಾರ್ಲಿಸ್ ಬಯಲಿನೊಳಕ್ಕೆ ನಡೆದುಬಿಟ್ಟರು. ಡೆಲ್ ಹುಡುಕಿಕೊಂಡು ಹೋದಾಗ, ಕೆಟಲನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. "ಮುಂದಿನ ಜಾಗ ಒಂದು ನೋಡೋಣ. ಅಲ್ಲೂ ಹೀಗಾದ್ರೆ ಸಾಕು, ಗಾಡಿ ಮಾರಿಬಿಡೋಣ" ಎಂದಷ್ಟೇ ಹೇಳಿದರು ಮಾರ್ಲಿಸ್.

ಮಧ್ಯಾಹ್ನ ಗಾಡಿಗಳು ಬಂದು ಸೇರುತ್ತವೆ. ಜೊತೆಗಾರ ಗಸ್ ತನ್ನ ಗಾಡಿಯಿಂದ ಇಳಿಯುವ ಮುಂಚೆಯೇ ಗೊಣಗಾಟ ಶುರು.

"ಏನಮ್ಮಾ ಈ ಗಾಳಿಯಂತ್ರ, ದೆವ್ವಕ್ಕೆ ಹಲ್ಲುನೋವು ಬಂದಂಗೆ ಕೂಗ್ತಾ ಇದೆ! ಇದರ ಪಕ್ಕ ಮಲಗೋದಾ?"

"ನೀನು ಗೊರಕೆ ಹೊಡೆಯೋಕೆ ಶುರು ಮಾಡಿದ್ರೆ ಅದೇ ಹೆದರಿ ಸುಮ್ಮನಾಗತ್ತೆ, ಬಿಡಯ್ಯಾ" ಎನ್ನುತ್ತಾರೆ ಆರ್ಲೀನ್.

ಗಸ್ ಕೈ ಸುಮ್ಮನಿರುವುದಿಲ್ಲ. ಸ್ಪ್ಯಾನರ್ ಹಿಡಿದು ನಲ್ಲಿಯ ಕಡೆ ನಡೆಯುತ್ತಾನೆ. "ಮರಳುಗಾಡಲ್ಲಿ ನೀರು ಪೋಲು ಮಾಡ್ತಾರಲ್ಲ, ಪಾಪ ಬರತ್ತೆ."

"ಅದನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ. ತೊಟ್ಟಿ ನೀರು ದನಕ್ಕೆ ಹೋಗತ್ತೆ, ಒಂದು ಹನೀನೂ ಪೋಲಾಗಲ್ಲ."

ದೂರದಲ್ಲಿ ಇನ್ನೂ ಗಾಡಿಯೊಳಗೇ ಕೂತಿರುವ ಮಾರ್ಲಿಸ್ ಕಡೆ ಗಸ್ ನೋಡುತ್ತಾನೆ, ಆಮೇಲೆ ತೊಟ್ಟಿಯ ಕಡೆ. ಸ್ಪ್ಯಾನರ್ ಜೇಬಿಗೆ ಹೋಗುತ್ತದೆ.

ಇವರಲ್ಲಿ ಒಂದು ರೂಢಿಯಿದೆ. ಯಾರಾದರೂ ಗಾಡಿಯನ್ನು ಹಿಂದಕ್ಕೆ ಓಡಿಸಿ ಜಾಗಕ್ಕೆ ಸೇರಿಸುವಾಗ, ಕರೆಯದೆ ಯಾರೂ ನೆರವಿಗೆ ಹೋಗುವುದಿಲ್ಲ, ನೋಡುವುದೂ ಇಲ್ಲ. ಡೆಲ್ ಗಾಡಿ ಹಿಂದಕ್ಕೆ ತರುವಾಗ ಎಲ್ಲರಿಗೂ ಇದ್ದಕ್ಕಿದ್ದಂತೆ ದೂರದ ಬೆಟ್ಟ ಬಹಳ ಚೆಂದ ಕಾಣಿಸುತ್ತದೆ.

ಸಂಜೆ ಮಾರ್ಲಿಸ್ ಕೆಟಲ್ ಹಿಡಿದು ಮೆಟ್ಟಿಲಿಳಿಯುತ್ತಾರೆ. ಡೆಲ್ ಏಳಲು ಹೋಗಿ ಮತ್ತೆ ಕೂರುತ್ತಾನೆ. ಯಾರೂ ಹೇಳಿಲ್ಲ, ಆದರೂ ಎಲ್ಲರೂ ಬೆನ್ನು ತಿರುಗಿಸಿ ಬೆಟ್ಟ ನೋಡತೊಡಗುತ್ತಾರೆ. ಜಲ್ಲಿಯ ಮೇಲೆ ಹೆಜ್ಜೆಗಳು ಕೇಳುತ್ತವೆ. ಅಷ್ಟರಲ್ಲಿ ಗಾಳಿ ಬೀಳುತ್ತದೆ, ಯಂತ್ರ ನಿಲ್ಲುತ್ತದೆ. ಹೆಜ್ಜೆಯೂ ನಿಲ್ಲುತ್ತದೆ. ಆರ್ಲೀನ್ ಕೈಯಲ್ಲಿನ ಕಾಫಿ ಬಾಯಿಯವರೆಗೆ ಹೋಗುವುದಿಲ್ಲ. ಕೂಗಿ ದಾರಿ ಹೇಳುವುದು ಸುಲಭ. ಕೂಗಿದರೆ ಎಲ್ಲವೂ ಮುಗಿಯಿತು.

ಟಣ್.

ಹೆಜ್ಜೆಗಳು ಮತ್ತೆ ಹೊರಡುತ್ತವೆ, ಈಗ ಮೆತ್ತನೆಯ ಮಣ್ಣಿನ ಮೇಲೆ. ಕೆಟಲಿಗೆ ನೀರು ಬೀಳುವ ಸದ್ದು, ಹಿಂದೆಯೇ ಮಾರ್ಲಿಸ್ ಗದರುವ ದನಿ:

"ಗಸ್! ಈ ನಲ್ಲಿ ಸೋರ್ತಾ ಇದೆ ಕಣೋ. ಇಷ್ಟು ಜನ ಇದೀರಿ, ಒಬ್ಬರಿಗೂ ರಿಪೇರಿ ಮಾಡಬೇಕು ಅನ್ಸಲ್ವಾ?"

"ನಾಳೆ ಮಾಡ್ತೀನಿ" ಎನ್ನುತ್ತಾನೆ ಗಸ್, ಬೆಟ್ಟ ನೋಡುತ್ತಲೇ.

ತಣ್ಣಗಾದ ಕಾಫಿಯನ್ನು ಆರ್ಲೀನ್ ಈಗ ಕುಡಿಯುತ್ತಾರೆ. ಎರಡು ವಾರ ಕಳೆದರೆ ಇಲ್ಲಿಂದ ಹೊರಡಬೇಕು, ಮತ್ತೆ ಒಂದು ದಿನ ಮುಂಚೆ ಹೋಗಿ ಜಾಗ ಹುಡುಕಬೇಕು.

"ದೊಡ್ಡ ಆಸೆ ಏನಿಲ್ಲಪ್ಪ" ಎನ್ನುತ್ತಾರೆ. "ಮುಂದಿನ ಜಾಗದಲ್ಲೂ ಒಂದು ಕೆಟ್ಟ ನಲ್ಲಿ ಸಿಕ್ಕಿದ್ರೆ ಸಾಕು."